ಮರೆವು ಹೊಕ್ಕ ಮನೆಗೆ ದಿನಚರಿಯೇ ಊರುಗೋಲು

'ಅರವತ್ತಕ್ಕೆ ಅರಳುಮರಳು' ಎಂಬುದು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಬಂದ ಮಾತು. ವಯಸ್ಸಾದವರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದಾಗ, ಹೇಳಿದ ಕಥೆಯನ್ನೇ ಮತ್ತೊಮ್ಮೆ ಹೇಳಿದಾಗ, ಈ ಮಾತನ್ನು ನಗುತ್ತ ಆಡುತ್ತೇವೆ. ನಗುವುದರಲ್ಲಿ ದೋಷವಿಲ್ಲ. ಆದರೆ ಇದೇ ಮಾತಿನ ಮರೆಯಲ್ಲಿ ಒಂದು ಗಂಭೀರವಾದ ಕಾಯಿಲೆಯು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಬೆಳೆಯುತ್ತದೆ ಎಂಬುದನ್ನು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ನಾವು ಮನೆಭೇಟಿಗಳ ಸಂದರ್ಭದಲ್ಲಿ ಕಾಣುತ್ತಿದ್ದೇವೆ. ನಲವತ್ತು ವರ್ಷ ಅಂಗಡಿಯ ಲೆಕ್ಕ ಬರೆದ ಹಿರಿಯರು ಚಿಲ್ಲರೆ ಎಣಿಸಲಾರದೆ ಕಣ್ಣೀರಿಡುತ್ತಾರೆ. ಮೀನಿನ ಸಾರಿಗೆ ಹದವರಿತು ಉಪ್ಪು ಹಾಕುತ್ತಿದ್ದ ತಾಯಿ ಒಂದೇ ಸಾರಿಗೆ ಮೂರು ಬಾರಿ ಉಪ್ಪು ಹಾಕುತ್ತಾರೆ. ಚರ್ಚಿನಿಂದ ಮನೆಗೆ ಬರುವ ದಾರಿ ಒಂದು ಭಾನುವಾರ ಇದ್ದಕ್ಕಿದ್ದಂತೆ ಅಪರಿಚಿತವಾಗುತ್ತದೆ. ಮನೆಯವರು ಮೊದಲು ನಗುತ್ತಾರೆ, ಬಳಿಕ ಸಿಡುಕುತ್ತಾರೆ, ಕೊನೆಗೆ ಬಾಗಿಲು ಮುಚ್ಚಿಕೊಂಡು ಅಳುತ್ತಾರೆ.

ಇದು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ. ಇದಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಪ್ರಮುಖವಾದ ಅಲ್ಜೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲಿ ಮೊದಲ ಬಾರಿಗೆ ವಿದ್ವತ್ಸಭೆಯೊಂದರಲ್ಲಿ ವಿವರಿಸಿದರು. ಅವರು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ರೋಗಿಣಿಗೆ ಆಗ ಕೇವಲ 51 ವರ್ಷ. ಆದ್ದರಿಂದ ಇದು ಮುಪ್ಪಿನ ಸಹಜ ಲಕ್ಷಣವಲ್ಲ, ಮೆದುಳಿನ ರೋಗ ಎಂಬುದು ಒಂದು ಶತಮಾನಕ್ಕೂ ಹಿಂದೆಯೇ ವಿದಿತವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಜನರು ಈ ಸ್ಥಿತಿಯಲ್ಲಿದ್ದರು. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಲೆಕ್ಕಹಾಕಿದೆ. ಹೀಗಿರುವಾಗ ನಮ್ಮ ಯಾವ ಧರ್ಮಕೇಂದ್ರವೂ, ಯಾವ ವಾಳೆಯೂ ಇದರಿಂದ ದೂರವಿದೆಯೆಂದು ಭಾವಿಸಲಾಗದು.

ಮೊದಲು ವೈದ್ಯರ ಬಳಿಗೆ

ಓದುಗ ಬಂಧುಗಳೇ, ಮೊದಲ ಮಾತು ಇದು: ಮರೆವು ಕಂಡೊಡನೆ ಅದನ್ನು ವಯಸ್ಸಿನ ಖಾತೆಗೆ ಬರೆಯಬೇಡಿ. ಮರೆವಿನಂತೆ ತೋರುವ ಎಲ್ಲವೂ ಡಿಮೆನ್ಶಿಯಾ ಅಲ್ಲ. ವಿಟಮಿನ್ ಬಿ12ರ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದತೆ, ಖಿನ್ನತೆ, ತಲೆಗೆ ಬಿದ್ದ ಪೆಟ್ಟಿನಿಂದ ನಿಧಾನವಾಗಿ ಶೇಖರವಾದ ರಕ್ತ, ನಿದ್ರೆಯ ಮಾತ್ರೆಗಳ ಅತಿ ಬಳಕೆ ಇವೆಲ್ಲವೂ ಬುದ್ಧಿಗೆ ಮಂಕು ಕವಿಸುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆಯಿದೆ. ಎರಡು ಮೂರು ದಿನಗಳಲ್ಲಿ ಹಠಾತ್ತನೆ ಗೊಂದಲ ಹೆಚ್ಚಿದರೆ ಮೂತ್ರನಾಳದ ಸೋಂಕಿನಂತಹ ಕಾರಣವಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವೃದ್ಧರ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ಎಲ್ಲಿಗೆ ಹೋಗುವುದೆಂದು ತಿಳಿಯದವರು ಹಿರಿಯ ನಾಗರಿಕರ ಸಹಾಯವಾಣಿ 14567 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಪರೀಕ್ಷೆಯ ನಂತರ ಡಿಮೆನ್ಶಿಯಾ ಎಂದೇ ನಿರ್ಧಾರವಾದರೆ ಸತ್ಯವನ್ನು ಸ್ವೀಕರಿಸಬೇಕಾಗುತ್ತದೆ. ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಈಗಿರುವ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುತ್ತವೆ. ಅಮೆರಿಕದಲ್ಲಿ 2023ರಿಂದೀಚೆಗೆ ಪೂರ್ಣ ಅನುಮತಿ ಪಡೆದ ಹೊಸ ಚುಚ್ಚುಮದ್ದುಗಳು ಆರಂಭದ ಹಂತದಲ್ಲಿ ಅಲ್ಜೈಮರ್ ಕಾಯಿಲೆಯ ವೇಗವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ, ಅಷ್ಟೇ. 'ಪೂರ್ತಿ ಗುಣಮಾಡುತ್ತೇವೆ' ಎಂದು ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಇದು ಶಾಪವೂ ಅಲ್ಲ, ಮಾಟಮಂತ್ರವೂ ಅಲ್ಲ, ಪಾಪಕ್ಕೆ ದೇವರು ಕೊಟ್ಟ ದಂಡನೆಯೂ ಅಲ್ಲ. ಹಾಗೆ ಯೋಚಿಸುವವರು ಮುಂದಿನ ಕಥೆಯನ್ನು ಗಮನವಿಟ್ಟು ಓದಬೇಕು.

ಒಬ್ಬ ಸಂತರ ಮನೆಯಲ್ಲಿ ನಡೆದದ್ದು

ಬಾಲಯೇಸುವಿನ ಸಂತ ತೆರೇಸಮ್ಮನವರ ಭಾವಚಿತ್ರವಿಲ್ಲದ ಕಥೋಲಿಕ ಮನೆಗಳು ವಿರಳ. ಅವರ ತಂದೆ ಲೂಯಿ ಮಾರ್ಟಿನ್ ಫ್ರಾನ್ಸಿನಲ್ಲಿ ಗಡಿಯಾರದ ಕಸುಬಿನವರು. ಪತ್ನಿ ಜೆಲಿ 1877ರಲ್ಲಿ ತೀರಿಕೊಂಡ ನಂತರ ಐವರು ಹೆಣ್ಣುಮಕ್ಕಳನ್ನು ಅವರೇ ಸಾಕಿದರು. 1887ರಲ್ಲಿ ಅವರಿಗೆ ಪಾರ್ಶ್ವವಾಯುವಿನ ಮೊದಲ ಆಘಾತವಾಯಿತು. ಕ್ರಮೇಣ ನೆನಪು ಕುಂದಿತು. 1888ರ ಜೂನ್ ತಿಂಗಳಲ್ಲಿ, 64ನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಮನೆ ಬಿಟ್ಟು ಹೊರಟ ಅವರು ನಾಲ್ಕು ದಿನಗಳ ಬಳಿಕ ಲ ಹಾವ್ರ್ ಎಂಬ ಬಂದರು ನಗರದಲ್ಲಿ ಪತ್ತೆಯಾದರು. 1889ರ ಫೆಬ್ರವರಿಯಲ್ಲಿ ಅವರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಲೇಬೇಕಾಯಿತು. ಮೂರು ವರ್ಷಗಳಿಗೂ ಹೆಚ್ಚುಕಾಲ ಅಲ್ಲಿದ್ದು, 1892ರ ಮೇ ತಿಂಗಳಲ್ಲಿ ಮನೆಗೆ ಮರಳಿದಾಗ ಅವರ ಕಾಲುಗಳು ಶಕ್ತಿಗುಂದಿದ್ದವು. ಮಗಳು ಸೆಲೀನ್ 1894ರ ಜುಲೈಯಲ್ಲಿ ಅವರು ಕಣ್ಣುಮುಚ್ಚುವವರೆಗೂ ಸೇವೆ ಮಾಡಿ, ಆ ಬಳಿಕವೇ ಕಾರ್ಮೆಲ್ ಮಠವನ್ನು ಸೇರಿದರು.

ಈ ವೃತ್ತಾಂತದಲ್ಲಿ ನಮ್ಮ ಮನೆಗಳಿಗೆ ಮೂರು ಪಾಠಗಳಿವೆ. ಮೊದಲನೆಯದು, ಆಗಲೂ ಊರಿನ ಜನ ಮಾತನಾಡಿಕೊಂಡರು. ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಮಠ ಸೇರಿದ್ದರಿಂದಲೇ ತಂದೆಗೆ ಹುಚ್ಚು ಹಿಡಿಯಿತೆಂದು ಪಿಸುಗುಟ್ಟಿದರು. ರೋಗದ ನೋವಿಗಿಂತ ಈ ಮಾತಿನ ನೋವು ಆ ಮಕ್ಕಳಿಗೆ ಕಡಿಮೆಯಾಗಿರಲಿಲ್ಲ. ನೆರೆಮನೆಯ ಕಷ್ಟಕ್ಕೆ ಕಾರಣ ಹುಡುಕುವ ಚಟ ನಮ್ಮಲ್ಲೂ ಇದೆ, ಅದನ್ನು ಬಿಡಬೇಕು. ಎರಡನೆಯದು, ಅಷ್ಟೊಂದು ಪ್ರೀತಿಯಿದ್ದ ಕುಟುಂಬವೂ ತಂದೆಯನ್ನು ಆಸ್ಪತ್ರೆಗೆ ಸೇರಿಸಿತು. ಮನೆಯಲ್ಲಿ ಸುರಕ್ಷಿತವಾಗಿ ನೋಡಿಕೊಳ್ಳಲು ಸಾಧ್ಯವಾಗದಾಗ ಯೋಗ್ಯವಾದ ಆರೈಕೆ ಕೇಂದ್ರದ ನೆರವು ಪಡೆಯುವುದು ಪ್ರೀತಿಯ ಕೊರತೆಯಲ್ಲ. ಸೇರಿಸಿ ಮರೆತುಬಿಡುವುದು ಮಾತ್ರ ಕೊರತೆ. ಮೂರನೆಯದು, ಈ ಲೂಯಿ ಮಾರ್ಟಿನ್ ಅವರನ್ನು 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಪತ್ನಿ ಜೆಲಿಯವರ ಜೊತೆಗೆ ಸಂತರ ಪದವಿಗೇರಿಸಿದರು. ಬುದ್ಧಿ ಮಂಕಾದ ವರ್ಷಗಳನ್ನು ಪವಿತ್ರಸಭೆಯು ಅವರ ಬಾಳಿನಿಂದ ಕಳೆದು ಲೆಕ್ಕಹಾಕಲಿಲ್ಲ.

ನೆನಪು ಹೋದರೆ ಮನುಷ್ಯ ಹೋದನೇ?

'ಫಾದರ್, ಅಲ್ಲಿ ಕುಳಿತಿರುವವರು ಈಗ ನಮ್ಮ ಅಪ್ಪ ಅಲ್ಲ' ಎಂದು ಮಕ್ಕಳು ಹೇಳುವುದುಂಟು. ಈ ಮಾತಿನ ಹಿಂದೆ ದುಃಖವಿದೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಇದು ದುಃಖದ ಮಾತಷ್ಟೇ ಅಲ್ಲ, ಒಂದು ತಾತ್ವಿಕ ಪ್ರಶ್ನೆಯೂ ಹೌದು. ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್, ಒಬ್ಬ ವ್ಯಕ್ತಿ ನಿನ್ನೆಯೂ ಇಂದೂ ಒಬ್ಬನೇ ಆಗಿರುವುದು ಅವನ ಅರಿವು ಹಿಂದಿನದನ್ನು ತನ್ನದೆಂದು ಮುಟ್ಟುವುದರಿಂದ ಎಂದು ವಾದಿಸಿದರು. ಈ ವಾದವನ್ನು ಕೊನೆಯವರೆಗೆ ಎಳೆದರೆ, ಮದುವೆಯ ದಿನವನ್ನು ಮರೆತ ತಾಯಿ ಆ ದಿನ ಮದುವೆಯಾದ ವ್ಯಕ್ತಿಯೇ ಅಲ್ಲವೆಂದು ಹೇಳಬೇಕಾದೀತು.

ಇದಕ್ಕೆ ಬದಲಾಗಿ ಸಂತ ತೋಮಸ್ ಅಕ್ವಿನಾಸರ ಪರಂಪರೆಯು ಹೇಳುವುದು ಬೇರೆ. ಆತ್ಮವು ದೇಹದೊಳಗೆ ಬಾಡಿಗೆಗೆ ಬಂದು ಕುಳಿತ ಅತಿಥಿಯಲ್ಲ. ಅದು ದೇಹಕ್ಕೆ ಜೀವವನ್ನೂ ರೂಪವನ್ನೂ ಕೊಡುವ ತತ್ತ್ವ. ಆದ್ದರಿಂದ ಮನುಷ್ಯನೆಂದರೆ ಅವನ ಒಂದು ಸಾಮರ್ಥ್ಯವಲ್ಲ, ಅವನು ಇಡಿಯಾಗಿ. ನಿದ್ರಿಸುವವನು ಯೋಚಿಸುತ್ತಿಲ್ಲ, ಆದರೂ ಅವನು ಮನುಷ್ಯನೇ. ಹಸುಗೂಸಿಗೆ ನೆನಪುಗಳಿಲ್ಲ, ಆದರೂ ನಾವು ಅದಕ್ಕೆ ದೀಕ್ಷಾಸ್ನಾನ ಕೊಟ್ಟು ಹೆಸರಿಟ್ಟು ಕರೆಯುತ್ತೇವೆ. ಮಗು ತನ್ನ ಹೆಸರನ್ನು ತಾನೇ ಹೇಳುವವರೆಗೆ ಮನೆಯವರು ಅದರ ಹೆಸರನ್ನು ಕಾಪಾಡಿಕೊಂಡಿರುತ್ತಾರೆ. ಬಾಳಿನ ಇನ್ನೊಂದು ತುದಿಯಲ್ಲಿ ಮನೆಯವರು ಮಾಡಬೇಕಾದದ್ದೂ ಅದೇ. ತಂದೆಯು ತನ್ನ ಕಥೆಯನ್ನು ಮರೆತಾಗ ಆ ಕಥೆಯನ್ನು ಅವರ ಪರವಾಗಿ ನೆನಪಿಟ್ಟುಕೊಳ್ಳುವವರು ಮಕ್ಕಳು.

ಪವಿತ್ರ ಗ್ರಂಥದಲ್ಲಿಯೂ ಇದಕ್ಕೆ ಆಧಾರವಿದೆ. ಸಿರಾಖನ ಗ್ರಂಥದ 3ನೆಯ ಅಧ್ಯಾಯವು ವೃದ್ಧ ತಂದೆಯನ್ನು ನೋಡಿಕೊಳ್ಳುವ ಕರ್ತವ್ಯವನ್ನು ಬೋಧಿಸುವಾಗ, ತಂದೆಯ ಬುದ್ಧಿಶಕ್ತಿ ಕುಂದಿದ ಸ್ಥಿತಿಯನ್ನೂ ಮರೆಯದೆ ಸೇರಿಸಿದೆ. ಆಗಲೂ ತಾಳ್ಮೆಯಿಂದಿರಬೇಕು, ನಮ್ಮಲ್ಲಿ ಶಕ್ತಿಯಿದೆಯೆಂದು ಅವರನ್ನು ಹೀನಾಯವಾಗಿ ಕಾಣಬಾರದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದ ಆ ಜ್ಞಾನಿಯು ಮರೆವು ಹೊಕ್ಕ ಮನೆಯನ್ನು ಹತ್ತಿರದಿಂದ ಕಂಡಿರಬೇಕು.

ನೆನಪಿಗಿಂತ ಅಭ್ಯಾಸದ ಆಯುಸ್ಸು ದೀರ್ಘ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮೊಳಗಿನ ನೆನಪು ಒಂದೇ ಬಗೆಯದಲ್ಲ. ಬೆಳಿಗ್ಗೆ ಏನು ತಿಂದೆವು, ನಿನ್ನೆ ಯಾರು ಬಂದರು ಎಂಬಂತಹ ಘಟನೆಗಳ ನೆನಪು ಒಂದು. ಸೈಕಲ್ ತುಳಿಯುವುದು, ಮಲ್ಲಿಗೆ ಕಟ್ಟುವುದು, ಶಿಲುಬೆಯ ಗುರುತು ಹಾಕುವುದು ಮುಂತಾದ ರೂಢಿಯ ನೆನಪು ಇನ್ನೊಂದು. ಇವು ಮೆದುಳಿನ ಬೇರೆ ಬೇರೆ ಭಾಗಗಳನ್ನು ಆಧರಿಸಿವೆ. ಅಲ್ಜೈಮರ್ ಕಾಯಿಲೆಯು ಸಾಮಾನ್ಯವಾಗಿ ಮೊದಲನೆಯದನ್ನು ಬಹುಬೇಗ ಕಸಿದುಕೊಳ್ಳುತ್ತದೆ. ಎರಡನೆಯದು ಬಹುಕಾಲ ಉಳಿಯುತ್ತದೆ. ಆದ್ದರಿಂದಲೇ ಮಗನ ಹೆಸರನ್ನು ಹೇಳಲಾರದ ತಾಯಿ, ಕೈಗೆ ಜಪಸರವನ್ನು ಕೊಟ್ಟೊಡನೆ ಮಣಿಗಳನ್ನು ಒಂದೊಂದಾಗಿ ಸರಿಸುತ್ತ 'ನಮೋ ಮರಿಯ'ವನ್ನು ತಡೆಯಿಲ್ಲದೆ ಹೇಳುವುದನ್ನು ನಾವು ಕಾಣುತ್ತೇವೆ. ಸದ್ಗುಣವೂ ಒಂದು ಅಭ್ಯಾಸವೇ, ಪದೇ ಪದೇ ಮಾಡಿದ್ದು ಮನುಷ್ಯನ ಎರಡನೆಯ ಸ್ವಭಾವವಾಗಿ ನೆಲೆಗೊಳ್ಳುತ್ತದೆ ಎಂದು ಅರಿಸ್ಟಾಟಲ್ ಮತ್ತು ಅಕ್ವಿನಾಸರು ಬೋಧಿಸಿದ್ದನ್ನು ಗುರುಮಠದ ತರಗತಿಗಳಲ್ಲಿ ಓದಿದ್ದೆವು. ಅದರ ಅರ್ಥ ರೋಗಿಗಳ ಮಂಚದ ಬಳಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಇದರಿಂದ ಮನೆಯವರು ತಿಳಿಯಬೇಕಾದದ್ದೇನು? ರೋಗಿಗೆ ದಿನಚರಿಯೇ ಊರುಗೋಲು. ಕಾಲಜ್ಞಾನವಿಲ್ಲದವರಿಗೆ ದಿನದ ಕ್ರಮವೇ ಗಡಿಯಾರ. ಏಳುವುದು, ಸ್ನಾನ, ಗಂಜಿ ಊಟ, ಅಂಗಳದಲ್ಲಿ ನಡಿಗೆ, ಸಂಜೆಯ ಜಪಸರ, ನಿದ್ರೆ ಇವು ಪ್ರತಿದಿನ ಅದೇ ವೇಳೆಗೆ, ಅದೇ ಕ್ರಮದಲ್ಲಿ, ಸಾಧ್ಯವಾದಷ್ಟು ಅದೇ ಸ್ಥಳದಲ್ಲಿ ನಡೆಯಲಿ. ಮನೆಯ ಪೀಠೋಪಕರಣಗಳನ್ನು ಪದೇ ಪದೇ ಬದಲಿಸಬೇಡಿ. ಮಕ್ಕಳು ತಿಂಗಳಿಗೊಂದು ಮನೆಯಂತೆ ತಾಯಿಯನ್ನು ಸರದಿಯ ಮೇಲೆ ಕರೆದೊಯ್ಯುವ ಪದ್ಧತಿ ನ್ಯಾಯದ ಹಂಚಿಕೆಯಂತೆ ಕಂಡರೂ ರೋಗಿಯ ಪಾಲಿಗೆ ಅದು ಪ್ರತಿ ತಿಂಗಳೂ ಹೊಸ ಕಾಡು. ಸರದಿಯಲ್ಲಿ ತಾಯಿ ಓಡಾಡುವ ಬದಲು ಮಕ್ಕಳು ಓಡಾಡುವುದು ಲೇಸು.

ಮಾತಿನಲ್ಲಿಯೂ ಕ್ರಮ ಬೇಕು. 'ನಾನು ಯಾರು ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡಬೇಡಿ; 'ಅಮ್ಮಾ, ನಾನು ನಿಮ್ಮ ಕಿರಿಮಗಳು ಬಂದೆ' ಎಂದು ನೀವೇ ಹೇಳಿ. ಒಂದು ಬಾರಿಗೆ ಒಂದೇ ಮಾತು, ಒಂದೇ ಕೆಲಸ. ಎಂದೋ ತೀರಿಹೋದ ತಾಯಿಯನ್ನು ಅವರು ಕೇಳಿದಾಗ 'ಅವರು ಸತ್ತು ಮೂವತ್ತು ವರ್ಷವಾಯಿತು' ಎಂದರೆ ಪ್ರತಿ ಬಾರಿಯೂ ಅವರಿಗೆ ಹೊಸ ಸಾವಿನ ಸುದ್ದಿ ಮುಟ್ಟಿಸಿದಂತಾಗುತ್ತದೆ. 'ನಿಮ್ಮ ಅಮ್ಮ ಯಾವ ತಿಂಡಿ ಚೆನ್ನಾಗಿ ಮಾಡುತ್ತಿದ್ದರು?' ಎಂದು ಕೇಳಿ ನೋಡಿ. ಇದು ಸುಳ್ಳಲ್ಲ, ಅವರ ಹಂಬಲಕ್ಕೆ ಕೊಡುವ ಉತ್ತರ. ಮುಸ್ಸಂಜೆಯ ವೇಳೆಗೆ ಹಲವರಲ್ಲಿ ಕಳವಳ ಹೆಚ್ಚುತ್ತದೆ. ಕತ್ತಲಾಗುವ ಮೊದಲೇ ದೀಪ ಹಚ್ಚಿ, ಟಿವಿಯ ಗದ್ದಲ ಕಡಿಮೆ ಮಾಡಿ, ಪರಿಚಿತ ಭಕ್ತಿಗೀತೆಯನ್ನು ಹಾಡಿ. ನಮ್ಮ ಹಿರಿಯರು ದೀಪ ಹಚ್ಚುವ ವೇಳೆಗೆ ಮನೆಮಂದಿಯನ್ನೆಲ್ಲ ಪೀಠದ ಮುಂದೆ ಕೂರಿಸುತ್ತಿದ್ದ ಪದ್ಧತಿ ಈ ರೋಗಿಗಳಿಗೆ ಹೇಳಿಮಾಡಿಸಿದಂತಿದೆ.

ಅಂಗಳದ ಬಾವಿಗೆ ಬಲೆ ಅಥವಾ ಮುಚ್ಚಳ ಹಾಕಿಸಿ. ಮಳೆಗಾಲದಲ್ಲಿ ಪಾಚಿಗಟ್ಟುವ ಮೆಟ್ಟಿಲುಗಳನ್ನು ಉಜ್ಜಿಸಿ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇಡಿಸಿ. ಗ್ಯಾಸ್ ಒಲೆಯನ್ನು ರಾತ್ರಿ ಸಿಲಿಂಡರಿನಲ್ಲಿಯೇ ಬಂದ್ ಮಾಡಿ. ಹೆಸರು ಮತ್ತು ಮನೆಯ ದೂರವಾಣಿ ಸಂಖ್ಯೆಯನ್ನು ಬರೆದ ಚೀಟಿಯನ್ನು ಅಂಗಿಯ ಕಿಸೆಯಲ್ಲಿಡಿ. ಅಕ್ಕಪಕ್ಕದ ಮನೆಯವರಿಗೂ ರಿಕ್ಷಾ ನಿಲ್ದಾಣದವರಿಗೂ ವಿಷಯ ತಿಳಿಸಿಟ್ಟಿರಿ. ಮುಚ್ಚಿಟ್ಟ ಕಾಯಿಲೆಯ ಮನೆಯಿಂದ ತಪ್ಪಿಸಿಕೊಂಡವರನ್ನು ಹುಡುಕುವುದು ಕಷ್ಟ. ಊರಿಗೆ ತಿಳಿದಿದ್ದರೆ ಊರೇ ಕಾಯುತ್ತದೆ.

ಧರ್ಮಭಗಿನಿಯರ ಮಠದಿಂದ ಬಂದ ಪಾಠ

ರೋಗ ಬಂದವರಿಗೆ ಅಭ್ಯಾಸ ಊರುಗೋಲಾದರೆ, ಬಾರದವರಿಗೆ ಅದು ಬೇಲಿಯೂ ಆಗಬಲ್ಲದು. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕರು 1986ರಲ್ಲಿ ನೋತ್ರ್ ದಾಮ್ ಶಾಲಾ ಭಗಿನಿಯರ ಸಭೆಯಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. 75 ವರ್ಷ ದಾಟಿದ 678 ಧರ್ಮಭಗಿನಿಯರು ವರ್ಷ ವರ್ಷವೂ ಪರೀಕ್ಷೆಗೆ ಒಳಗಾಗಲು ಒಪ್ಪಿದ್ದಲ್ಲದೆ ಮರಣಾನಂತರ ತಮ್ಮ ಮೆದುಳನ್ನು ಸಂಶೋಧನೆಗೆ ದಾನ ಮಾಡಿದರು. ಒಂದೇ ಬಗೆಯ ಊಟ, ಒಂದೇ ಬಗೆಯ ವಸತಿ, ಮದ್ಯ ತಂಬಾಕುಗಳಿಂದ ದೂರವಾದ ಬಾಳು. ಆದ್ದರಿಂದ ಹೋಲಿಸಿ ನೋಡಲು ಅನುಕೂಲವಾಯಿತು. ಅವರಲ್ಲಿ 101 ವರ್ಷ ಬದುಕಿದ್ದ ಒಬ್ಬ ಭಗಿನಿ ಕೊನೆಯವರೆಗೂ ಚುರುಕಾಗಿದ್ದರು. ಮರಣಾನಂತರ ನೋಡಿದರೆ ಅವರ ಮೆದುಳಿನಲ್ಲಿ ಅಲ್ಜೈಮರ್ ಕಾಯಿಲೆಯ ಗುರುತುಗಳು ಹೇರಳವಾಗಿದ್ದವು. ರೋಗದ ಗುರುತುಗಳು ಇರುವುದು ಒಂದು, ರೋಗವು ಬಾಳನ್ನು ಕೆಡಿಸುವುದು ಇನ್ನೊಂದು ಎಂಬುದು ಇದರಿಂದ ತಿಳಿದುಬಂತು. ಅಂತಹ ಗುರುತುಗಳ ಜೊತೆಗೆ ಸಣ್ಣಪುಟ್ಟ ಪಾರ್ಶ್ವವಾಯುವಿನ ಆಘಾತಗಳೂ ಸೇರಿದ್ದ ಭಗಿನಿಯರಲ್ಲಿ ಮರೆವಿನ ಕಾಯಿಲೆ ಹೆಚ್ಚಾಗಿ ಪ್ರಕಟವಾಗಿತ್ತು. ರಕ್ತನಾಳಗಳನ್ನು ಕಾಪಾಡಿದರೆ ಮೆದುಳನ್ನು ಕಾಪಾಡಿದಂತೆ ಎಂಬ ಮಾತಿಗೆ ಇದು ಬಲ ನೀಡಿತು. ಯೌವನದಲ್ಲಿ ವ್ರತಸ್ವೀಕಾರಕ್ಕೆ ಮೊದಲು ಬರೆದ ಆತ್ಮಕಥನಗಳಲ್ಲಿ ವಿಚಾರ ಸಮೃದ್ಧಿ ಹೆಚ್ಚಾಗಿದ್ದವರಿಗೆ ಮುಪ್ಪಿನಲ್ಲಿ ಮರೆವು ಕಡಿಮೆಯಿತ್ತೆಂದೂ 1996ರಲ್ಲಿ ಪ್ರಕಟವಾಯಿತು. ಇದನ್ನೇ ಕಾರಣವೆಂದು ಸಾಧಿಸಲಾಗದಿದ್ದರೂ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಮಾಡಿದ ವೆಚ್ಚ ಎಂದಿಗೂ ವ್ಯರ್ಥವಲ್ಲವೆಂಬುದಕ್ಕೆ ಮತ್ತೊಂದು ಕಾರಣ ದೊರೆಯಿತು.

ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ನೇಮಿಸಿದ ತಜ್ಞರ ಆಯೋಗವು 2024ರಲ್ಲಿ ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿಮಾಡಿತು. ಅವುಗಳನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದು ಅಂದಾಜು ಮಾಡಿದೆ. ಕಡಿಮೆ ವಿದ್ಯಾಭ್ಯಾಸ, ಅಧಿಕ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ದೈಹಿಕ ಜಡತೆ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕಿವುಡು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ವಾಯುಮಾಲಿನ್ಯ ಇವೇ ಆ 14. ಒಳ್ಳೆಯ ಅಭ್ಯಾಸವಿದ್ದವರಿಗೆಲ್ಲ ರೋಗ ಬಾರದೆಂದು ಇದರ ಅರ್ಥವಲ್ಲ. ಆದ್ದರಿಂದ ರೋಗ ಬಂದವರನ್ನು ನೋಡಿ 'ಇವರು ಹೇಗೆ ಬಾಳಿದ್ದರೋ' ಎಂದು ಯಾರೂ ಮೂಗುಮುರಿಯಕೂಡದು.

ಈ ಪಟ್ಟಿಯನ್ನು ನಮ್ಮ ಮನೆಗಳ ಮುಂದೆ ಹಿಡಿದು ನೋಡೋಣ. ರಕ್ತದೊತ್ತಡವನ್ನು ನಲವತ್ತರಿಂದಲೇ ಪರೀಕ್ಷಿಸಿಕೊಳ್ಳಿ; ಮಾತ್ರೆಯನ್ನು ತಲೆನೋವು ಬಂದ ದಿನ ಮಾತ್ರ ನುಂಗುವುದಲ್ಲ. ಉಪ್ಪಿನಕಾಯಿ, ಒಣಮೀನು, ಹಪ್ಪಳಗಳಿಲ್ಲದೆ ಗಂಜಿ ಇಳಿಯದೆಂಬವರು ಉಪ್ಪಿನ ಲೆಕ್ಕವಿಡಿ. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ 150 ನಿಮಿಷಗಳಾದರೂ ಚುರುಕಾದ ನಡಿಗೆಯಂತಹ ವ್ಯಾಯಾಮವನ್ನು ಹೇಳಿದೆ; ಹತ್ತಿರದ ಚರ್ಚಿಗೆ ಬೈಕಿನಲ್ಲಿ ಬರುವ ಬದಲು ನಡೆದು ಬಂದರೆ ಭಕ್ತಿಯೂ ಆಯಿತು, ಆರೋಗ್ಯವೂ ಆಯಿತು. ಕಿವಿ ಕೇಳಿಸದವರು ಮಾತುಕತೆಯಿಂದ ದೂರ ಸರಿಯುತ್ತಾರೆ, ಮೆದುಳಿಗೆ ಕೆಲಸ ತಪ್ಪುತ್ತದೆ. ಶ್ರವಣಯಂತ್ರ ಹಾಕಿಕೊಳ್ಳುವುದು ಕನ್ನಡಕ ಹಾಕಿಕೊಂಡಷ್ಟೇ ಸಹಜವಾಗಲಿ. ಇನ್ನು ಮದ್ಯದ ವಿಷಯ. ರೋಸ್, ಮದುವೆ, ಹಬ್ಬ, ಕೊನೆಗೆ ಉತ್ತರಕ್ರಿಯೆಯ ದಿನವೂ ಬಾಟಲಿ ತೆರೆಯದಿದ್ದರೆ ಮರ್ಯಾದೆ ಹೋಯಿತೆಂದು ಭಾವಿಸುವ ಸಮುದಾಯ ನಮ್ಮದೆಂದು ಇತರರು ಆಡಿಕೊಳ್ಳುತ್ತಾರೆ. ಈ ಮಾತು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ. ಅತಿಯಾದ ಕುಡಿತವು ಯಕೃತ್ತನ್ನು ಮಾತ್ರವಲ್ಲ, ಮೆದುಳನ್ನೂ ಕೆಡಿಸುತ್ತದೆ.

ಆರೈಕೆ ಮಾಡುವವರ ಆರೈಕೆ

ರೋಗಿಯ ದಿನಚರಿಯನ್ನು ಕಾಯುವ ವ್ಯಕ್ತಿಯ ದಿನಚರಿಯನ್ನು ಕಾಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಈ ಹೊರೆ ಒಬ್ಬಳೇ ಸೊಸೆಯ ಮೇಲೆ ಅಥವಾ ಮದುವೆಯಾಗದೆ ಉಳಿದ ಮಗಳ ಮೇಲೆ ಬೀಳುತ್ತದೆ. ಗಲ್ಫ್ ದೇಶದಲ್ಲಿರುವ ಅಣ್ಣಂದಿರು ಹಣ ಕಳುಹಿಸುತ್ತಾರೆ, ಫೋನಿನಲ್ಲಿ ಸಲಹೆಗಳನ್ನೂ ಕಳುಹಿಸುತ್ತಾರೆ. ಹತ್ತು ನಿಮಿಷದ ಫೋನಿನಲ್ಲಿ ತಾಯಿ ನಗುತ್ತ ಮಾತನಾಡಿದರೆ 'ಅಮ್ಮ ಚೆನ್ನಾಗಿಯೇ ಇದ್ದಾರಲ್ಲ' ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಬಾಗಿಲ ಚಿಲಕ ತೆಗೆಯುವ ಸದ್ದಿಗೆ ಎಚ್ಚರಗೊಳ್ಳುವವಳು ಸೊಸೆ. ತಾನು ಬಡಿಸಿದ ಅನ್ನಕ್ಕೆ 'ಇವಳು ನನಗೆ ಊಟವನ್ನೇ ಕೊಡುವುದಿಲ್ಲ' ಎಂಬ ದೂರನ್ನು ನೆಂಟರ ಮುಂದೆ ಕೇಳಿಸಿಕೊಳ್ಳುವವಳೂ ಅವಳೇ. ಅಂತಹ ದೂರು ರೋಗದ ಮಾತು, ಅತ್ತೆಯ ಮಾತಲ್ಲ ಎಂದು ನೆಂಟರು ತಿಳಿದಿರಬೇಕು.

ನಮ್ಮ ಕರಾವಳಿಯ ಅನೇಕ ಸಹೋದರ ಸಹೋದರಿಯರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡಿ ತಮ್ಮ ಮನೆಗಳನ್ನು ನಿಲ್ಲಿಸಿದ್ದಾರೆ. ಮರೆವಿನ ರೋಗಿಯನ್ನು ಸಿಟ್ಟಿಲ್ಲದೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ನಡೆಸುವುದು ಅವರಲ್ಲಿ ಹಲವರಿಗೆ ಕರಗತವಾದ ವಿದ್ಯೆ. ರಜೆಯಲ್ಲಿ ಬಂದಾಗ, ಮರಳಿ ಬಂದು ನೆಲೆಸಿದಾಗ, ಆ ವಿದ್ಯೆಯನ್ನು ವಾಳೆಯ ಇತರ ಮನೆಗಳಿಗೂ ಕಲಿಸಲಿ. ಕೂಲಿಗೆಂದು ಕಲಿತದ್ದು ನೆರೆಯವರಿಗೆ ದಾನವಾಗಲಿ.

ಆರೈಕೆಯ ಸ್ಥಾನದಲ್ಲಿರುವವರಿಗೆ ನಮ್ಮ ಕೋರಿಕೆಯಿಷ್ಟು. ದಿನಕ್ಕೆ ಒಂದು ಗಂಟೆಯಾದರೂ, ವಾರಕ್ಕೆ ಅರ್ಧ ದಿನವಾದರೂ ನಿಮಗಾಗಿ ಇಟ್ಟುಕೊಳ್ಳಿ. ನಿಮ್ಮ ಊಟ, ನಿದ್ರೆ, ರಕ್ತದೊತ್ತಡದ ಮಾತ್ರೆ ಇವನ್ನು ತ್ಯಾಗದ ಹೆಸರಿನಲ್ಲಿ ಬಿಡಬೇಡಿ. ಸಿಟ್ಟು ಬಂದಾಗ ಪಕ್ಕದ ಕೋಣೆಗೆ ಹೋಗಿ ಬನ್ನಿ. ಕಣ್ಣೆದುರಿಗೆ ಇರುವವರನ್ನೇ ದಿನದಿನವೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುವ ಶೋಕ ನಿಜವಾದ ಶೋಕ. ಅದಕ್ಕಾಗಿ ಅಳುವುದು ಅಪನಂಬಿಕೆಯಲ್ಲ. 'ದೇವರು ಬೇಗ ಕರೆದುಕೊಳ್ಳಲಿ' ಎಂಬ ಯೋಚನೆ ಬಂದುಹೋದರೆ ಪಾಪಭಯದಿಂದ ನರಳಬೇಡಿ. ಅದು ಬಹುಪಾಲು ದಣಿವಿನ ಕೂಗು. ನಮ್ಮ ಬಳಿ ಬಂದು ಹೇಳಿಕೊಳ್ಳಿ. ರೋಗಿಯನ್ನು ಬಿಟ್ಟು ಬರಲಾಗದೆ ಭಾನುವಾರದ ಬಲಿಪೂಜೆ ತಪ್ಪಿದರೆ ಅದು ಪಾಪವಲ್ಲ. ಗಂಭೀರ ಕಾರಣವಿದ್ದವರಿಗೆ ಪವಿತ್ರಸಭೆಯೇ ಈ ಬಾಧ್ಯತೆಯಿಂದ ವಿನಾಯಿತಿ ನೀಡಿದೆ.

ಆಸ್ತಿಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಉಯಿಲು ಬರೆಯುವುದಿದ್ದರೆ ಬುದ್ಧಿ ಸ್ಪಷ್ಟವಾಗಿರುವಾಗಲೇ ವಕೀಲರ ಸಲಹೆ ಪಡೆದು ಬರೆಯಲಿ. ಮಕ್ಕಳಿಗೆ ಕೊಟ್ಟ ಸಾಮಾನ್ಯ ಅಧಿಕಾರಪತ್ರವು ಕೊಟ್ಟವರ ಬುದ್ಧಿ ಅಸ್ಥಿರವಾದಾಗ ನಮ್ಮ ಕಾನೂನಿನಂತೆ ಊರ್ಜಿತವಾಗಿ ಉಳಿಯುವುದಿಲ್ಲ. ಏನೂ ಅರಿಯದ ತಂದೆಯ ಹೆಬ್ಬೆರಳನ್ನು ಹಿಡಿದು ಕಾಗದಕ್ಕೆ ಒತ್ತಿಸುವವನು ನಾಲ್ಕನೆಯ ಮತ್ತು ಏಳನೆಯ ದೈವಾಜ್ಞೆಗಳೆರಡನ್ನೂ ಒಟ್ಟಿಗೆ ಮುರಿಯುತ್ತಾನೆ. ವೃದ್ಧ ತಂದೆತಾಯಿಯರನ್ನು ತೊರೆದುಬಿಡುವುದು 2007ರ ಹಿರಿಯ ನಾಗರಿಕರ ಪೋಷಣೆ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧವೂ ಹೌದು.

ಧರ್ಮಕೇಂದ್ರ ಏನು ಮಾಡಬಹುದು?

'ಅವರಿಗೆ ಅರ್ಥವಾಗುವುದಿಲ್ಲ, ಪರಮಪ್ರಸಾದ ಕೊಡಬಹುದೇ?' ಎಂದು ಮನೆಯವರು ಸಂಕೋಚದಿಂದ ಕೇಳುತ್ತಾರೆ. ಬಾಳಿನುದ್ದಕ್ಕೂ ಭಕ್ತಿಯಿಂದ ಸ್ವೀಕರಿಸಿದವರು, ಸಾಧಾರಣ ರೊಟ್ಟಿಯಂತೆ ಉಗುಳದೆ ಗೌರವದಿಂದ ಸ್ವೀಕರಿಸುವಷ್ಟು ಕಾಲ, ಪರಮಪ್ರಸಾದದಿಂದ ವಂಚಿತರಾಗಬೇಕಿಲ್ಲ. ಸಣ್ಣ ತುಣುಕು ಸಾಕು. ರೊಟ್ಟಿ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲೂ ಪವಿತ್ರಸಭೆಯ ಕಾನೂನಿನಲ್ಲಿ ಅವಕಾಶವಿದೆ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆಯಲ್ಲಿರುವವರು ಒಂದು ಗಂಟೆಯ ಉಪವಾಸದ ನಿಯಮಕ್ಕೆ ಬದ್ಧರಲ್ಲವೆಂದು ಅದೇ ಕಾನೂನಿನ 919ನೆಯ ವಿಧಿ ಹೇಳುತ್ತದೆ; ಆರೈಕೆ ಮಾಡುವವರನ್ನೂ ಅಲ್ಲಿ ಸೇರಿಸಿರುವುದನ್ನು ಗಮನಿಸಿ. ರೋಗಿಗಳ ಅಭ್ಯಂಗವು ಕೊನೆಯುಸಿರಿಗೆ ಕಾಯಬೇಕಾದ ಸಂಸ್ಕಾರವಲ್ಲ. ರೋಗಿಯು ಇನ್ನೂ ಅರಿವಿನಿಂದ 'ಆಮೆನ್' ಹೇಳಬಲ್ಲ ಕಾಲದಲ್ಲಿಯೇ ನಮ್ಮನ್ನು ಕರೆಯಿರಿ.

ದಿವಂಗತ ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವನ್ನು ಸ್ಥಾಪಿಸಿದರು. ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬಕ್ಕೆ ಸಮೀಪದ ಜುಲೈ ತಿಂಗಳ ನಾಲ್ಕನೆಯ ಭಾನುವಾರ ಅದರ ಆಚರಣೆ. ಅಂದು ವೃದ್ಧರಿಗೆ ಶಾಲು ಹೊದಿಸಿ ಹಣ್ಣು ಕೊಟ್ಟು ಫೋಟೋ ತೆಗೆದರೆ ಸಾಲದು. ಪ್ರತಿಯೊಂದು ವಾಳೆಯ ಗುರಿಕಾರರು ತಮ್ಮಲ್ಲಿ ಮರೆವಿನ ರೋಗಿಗಳಿರುವ ಮನೆಗಳು ಯಾವುವೆಂದು ತಿಳಿದಿರಲಿ. ಸ್ತ್ರೀ ಸಂಘಟನೆಯವರು, ವಿನ್ಸೆಂಟ್ ಡಿ ಪೌಲ್ ಸಭೆಯವರು, ಯುವಜನರು ಸರದಿಯ ಮೇಲೆ ಆ ಮನೆಗೆ ವಾರಕ್ಕೊಮ್ಮೆ ಎರಡು ಗಂಟೆ ಹೋಗಿ ಕುಳಿತುಕೊಳ್ಳಲಿ. ಆ ಎರಡು ಗಂಟೆಯಲ್ಲಿ ಸೊಸೆಯು ಬಲಿಪೂಜೆಗೆ ಹೋಗಲಿ, ಪೇಟೆಗೆ ಹೋಗಲಿ ಅಥವಾ ಸುಮ್ಮನೆ ಮಲಗಲಿ. ಯಾವುದಕ್ಕೆಂದು ಯಾರೂ ಕೇಳಬೇಕಾಗಿಲ್ಲ. ಬಲಿಪೂಜೆಯ ನಡುವೆ ಯಾರಾದರೂ ಹಿರಿಯರು ಎದ್ದು ನಿಂತು ಏನಾದರೂ ಹೇಳಿದರೆ ತಿರುಗಿ ದುರುಗುಟ್ಟಿ ನೋಡಬೇಡಿ. ಅವರು ಆ ಮನೆಗೆ ಅನ್ಯರಲ್ಲ. ನಮ್ಮಲ್ಲಿ ಹಲವರಿಗಿಂತ ಮೊದಲೇ ಬಂದವರು.

ಈ ವಾರ ಎರಡು ಕೆಲಸಗಳನ್ನು ನಮ್ಮ ಓದುಗರು ಮಾಡಲೆಂದು ವಿನಂತಿಸುತ್ತೇವೆ. ನಿಮ್ಮ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ. ಬಳಿಕ ನೀವು ಬಲ್ಲ ಒಂದು ಮನೆಗೆ, ಮರೆವಿನ ರೋಗಿಯಿರುವ ಮನೆಗೆ, ಮುಸ್ಸಂಜೆಯ ಜಪಸರದ ವೇಳೆಗೆ ಹೋಗಿ ಅವರೊಂದಿಗೆ ಕುಳಿತುಕೊಳ್ಳಿ. ಮಾತು ಹೊಂದದಿದ್ದರೂ ಮಣಿಗಳು ಹೊಂದುತ್ತವೆ. ನಮ್ಮ ಎಲ್ಲ ಮನೆಗಳ ಹಿರಿಯರನ್ನೂ, ಅವರ ಸೇವೆಯಲ್ಲಿ ದಣಿದವರನ್ನೂ ಸಂತ ಲೂಯಿ ಮಾರ್ಟಿನ್ನರ ಪ್ರಾರ್ಥನೆಯ ಆಸರೆಗೆ ಒಪ್ಪಿಸುತ್ತೇವೆ. ದೇವರ ಕೃಪೆ ನಿಮ್ಮೆಲ್ಲರ ಮೇಲಿರಲಿ.